ಕ್ಯಾಸಿಯೋ ಎಸ್‌ಕೆ-1ರ ಒರಟು ದನಿ

ಪುಟ್ಟ ಕೀಬೋರ್ಡು ಯಾವ ಕಂಪನಿಯದಾಗಿದ್ದರೂ ಅದನ್ನು ಕ್ಯಾಸಿಯೋ ಎಂದೇ ಕರೆಯುವ ರೂಢಿ ನಮ್ಮಲ್ಲಿದೆ. ಆ ಹೆಸರಿಗೆ ನಿಜವಾಗಿಯೂ ಹಕ್ಕುಳ್ಳ ಜಪಾನಿನ ಎಸ್‌ಕೆ-1, 1980ರ ದಶಕದ ನಡುಭಾಗದಲ್ಲಿ ಮಾರುಕಟ್ಟೆಗೆ ಬಂದಾಗ ನೋಡುವುದಕ್ಕೆ ಆಟಿಕೆಯಂತಿತ್ತು: 32 ಕಿರಿದಾದ ಕೀಗಳು, ಮೈಯಲ್ಲೇ ಅಡಗಿದ ಒಂದು ಮೈಕ್ರೋಫೋನು. ಆದರೆ ಹೊರಗಿನ ಸದ್ದನ್ನು ಹಿಡಿದು ಅದನ್ನೇ ಸ್ವರವಾಗಿ ನುಡಿಸುವ ಕೆಲಸಕ್ಕೆ, 1979ರ ಆಸ್ಟ್ರೇಲಿಯಾದ ಫೇರ್‌ಲೈಟ್ ಯಂತ್ರವನ್ನು ಬಯಸಿದವರು ಹತ್ತಾರು ಸಾವಿರ ಡಾಲರ್ ತೆರಬೇಕಾಗಿದ್ದ ಕಾಲದಲ್ಲಿ, ಇದು ನೂರು ಡಾಲರಿನ ಆಸುಪಾಸಿಗೆ ಸಿಗುತ್ತಿತ್ತು.

ಅದರ ಮುಂದೆ ಸ್ಟೀಲ್ ತಂಬಿಗೆಯೊಂದನ್ನು ಇಟ್ಟು ಚಮಚದಿಂದ ಬಾರಿಸಿದಿರೆನ್ನಿ. ಆ ಠಣ್ ಸದ್ದನ್ನು ಯಂತ್ರ ಸೆಕೆಂಡಿಗೆ ಸುಮಾರು 9,380 ಬಾರಿ ಅಳೆದು, ಪ್ರತಿ ಅಳತೆಯನ್ನೂ 256 ಮಟ್ಟಗಳಲ್ಲಿ ಒಂದಕ್ಕೆ ಹೊಂದಿಸಿ ಬರೆದಿಟ್ಟುಕೊಳ್ಳುತ್ತದೆ. ಅದರ ನೆನಪಿನ ಮಿತಿ 1.4 ಸೆಕೆಂಡು, ಅಂದರೆ ಸುಮಾರು 13,000 ಅಂಕಿಗಳು. ಸಿ.ಡಿ.ಯಲ್ಲಾದರೆ ಸೆಕೆಂಡಿಗೆ 44,100 ಅಳತೆಗಳು, 65,536 ಮಟ್ಟಗಳು.

ಅಳತೆಯ ವೇಗದ ಅರ್ಧಕ್ಕಿಂತ ಹೆಚ್ಚಿನ ಕಂಪನಗಳನ್ನು ಹೀಗೆ ಹಿಡಿದಿಡಲು ಸಾಧ್ಯವಿಲ್ಲವಾದ್ದರಿಂದ, 4,690 ಹರ್ಟ್ಸ್‌ನಿಂದಾಚೆಗಿನ ಹೊಳಪೆಲ್ಲ ಕಳೆದುಹೋಗುತ್ತದೆ. ಹಳೆಯ ಫೋನಿನಲ್ಲಿ ಹೆಸರು ಹೇಳುವಾಗ ‘ಸ’ಕಾರ ಮಂಕಾಗುತ್ತಿದ್ದುದೂ ಇದೇ ಬಗೆಯ ನಷ್ಟದಿಂದ. ಇದಕ್ಕಿಂತ ಸ್ವಾರಸ್ಯದ್ದು ಸದ್ದು ಆರುವ ಗಳಿಗೆ. ಪೆಟ್ಟು ಬಿದ್ದಾಗ 256 ಮೆಟ್ಟಿಲುಗಳೂ ಬಳಕೆಯಲ್ಲಿದ್ದರೆ, ದನಿ ಕ್ಷೀಣಿಸಿದಂತೆ ಅಲೆಯ ಪಾಲಿಗೆ ನಾಲ್ಕೈದು ಮೆಟ್ಟಿಲುಗಳಷ್ಟೇ ಉಳಿಯುತ್ತವೆ, ನಯವಾದ ಬಾಗು ಒರಟು ಮೆಟ್ಟಿಲಾಗುತ್ತದೆ, ಬಾಲದಲ್ಲಿ ಮರಳು ಬೆರೆತಂಥ ಸರಸರ ಕೇಳಿಸುತ್ತದೆ. ಇನ್ನು ಮೇಲಿನ ಕೀ ಒತ್ತಿದರೆ ಯಂತ್ರ ಅದೇ ಅಂಕಿಗಳನ್ನು ಬೇಗ ಬೇಗ ಓದುತ್ತದೆ, ಅಷ್ಟೆ. ಒಂದು ಸ್ಥಾಯಿ ಮೇಲೆ ಹೋದರೆ ವೇಗ ಇಮ್ಮಡಿ, ಅವಧಿ ಅರ್ಧ. ತಂಬಿಗೆ ಅಲ್ಲಿ ಪುಟ್ಟ ಲೋಟವಾಗುತ್ತದೆ, ಕೆಳಗಿನ ಸ್ಥಾಯಿಯಲ್ಲಿ ಗುಡಿಯ ಗಂಟೆಯಾಗುತ್ತದೆ.

ಇಂಥ ಹಳೆಯ ವಾದ್ಯಗಳ ಮೇಲಿನ ಮೋಹವನ್ನು ಬಾಲ್ಯದ ಹಂಬಲವೆಂದು ತಳ್ಳಿಹಾಕುವವರಿದ್ದಾರೆ. ಆ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ, ಏಕೆಂದರೆ ಎಸ್‌ಕೆ-1 ಹುಟ್ಟುವ ಮೊದಲೇ ಬಾಲ್ಯ ಕಳೆದವರೂ ಅದು ಮಾರುಕಟ್ಟೆಯಿಂದ ಮರೆಯಾದ ಮೇಲೆ ಹುಟ್ಟಿದವರೂ ಈ ಮರಳು ದನಿಗೆ ಒಲಿಯಬಲ್ಲರು. ಒತ್ತುವ ಬಲಕ್ಕೆ ತಕ್ಕಂತೆ ದನಿ ಏರಿಳಿಸಲಾರದ, ಒಮ್ಮೆಗೆ ನಾಲ್ಕೇ ಸ್ವರ ನುಡಿಯುವ ವಾದ್ಯ ಇದೆಂಬುದೂ ನಿಜ.

ಅಗ್ಗದ್ದಾದ ಕಾರಣ ಕೆಟ್ಟರೆ ಕೆಡಲಿ ಎಂದು ಬಿಚ್ಚಿ ನೋಡುವ ಧೈರ್ಯವೂ ಬರುತ್ತದೆ. ಒಳಗಿನ ಸರ್ಕ್ಯೂಟಿನ ಬಿಂದುಗಳನ್ನು ತಂತಿಯಿಂದ ಬೇಕೆಂದೇ ಅಡ್ಡಾದಿಡ್ಡಿ ಜೋಡಿಸಿ ಹೊಸ ಸದ್ದು ಹುಡುಕುವ ಹವ್ಯಾಸಕ್ಕೆ ಅಮೆರಿಕದ ರೀಡ್ ಗಝಾಲಾ ‘ಸರ್ಕ್ಯೂಟ್ ಬೆಂಡಿಂಗ್’ ಎಂದು ಹೆಸರಿಟ್ಟರು. ಎಸ್‌ಕೆ-1 ಈ ಹವ್ಯಾಸಿಗಳ ಅಚ್ಚುಮೆಚ್ಚು. ಅಷ್ಟು ದೂರ ಹೋಗದವರಿಗೂ ಸ್ಕ್ರೂ ಡ್ರೈವರ್ ಬೇಕಾಗುತ್ತದೆ. ಪ್ರತಿ ಕೀಯ ಕೆಳಗೂ ರಬ್ಬರಿನ ಗುಂಡಿಯೊಂದಿದ್ದು, ಅದರ ತುದಿಯ ಕರಿಯ ಕಾರ್ಬನ್ ಬಿಲ್ಲೆ ಕೆಳಗಿನ ಹಲಗೆಯನ್ನು ಮುಟ್ಟಿದಾಗ ವಿದ್ಯುತ್ತು ಹರಿಯುತ್ತದೆ. ನಡುವೆ ಧೂಳು ಕೂತರೆ ಆ ಸ್ವರ ಮೂಕವಾಗುತ್ತದೆ, ಐಸೊಪ್ರೊಪೈಲ್ ಆಲ್ಕೋಹಾಲ್ ಸೋಕಿಸಿದ ಹತ್ತಿಯಿಂದ ಮೆಲ್ಲಗೆ ಒರೆಸಿದರೆ ಸಾಮಾನ್ಯವಾಗಿ ಮತ್ತೆ ನುಡಿಯುತ್ತದೆ.