ಉಬ್ಬರ ಯಾವುದು, ಇಳಿತ ಯಾವುದು? ಮರಿಮೀನಿನ ಮೂಗಿಗೆ ಗೊತ್ತು

ಯೂರೋಪಿನ ಹಾವುಮೀನು ಹುಟ್ಟುವುದು ಅಟ್ಲಾಂಟಿಕ್ ಸಾಗರದ ಆಚೆ ಬದಿಯ ಸರ್ಗಾಸೊ ಸಮುದ್ರದಲ್ಲಿ. ಬೆಳೆಯುವುದು ಯೂರೋಪಿನ ಹೊಳೆ, ಕೆರೆಗಳಲ್ಲಿ. ನಡುವೆ ಸಾವಿರಾರು ಕಿಲೋಮೀಟರ್ ಉಪ್ಪುನೀರು. ಮರಿಗಳು ಸಾಗರದ ಪ್ರವಾಹದಲ್ಲಿ ತೇಲಿಕೊಂಡು ಬರುತ್ತವೆ. ದಡ ಹತ್ತಿರವಾಗುವ ಹೊತ್ತಿಗೆ ಆರೇಳು ಸೆಂಟಿಮೀಟರ್ ಉದ್ದವಾಗಿ, ಬೆನ್ನೆಲುಬು ಕಾಣುವಷ್ಟು ಪಾರದರ್ಶಕವಾಗಿರುತ್ತವೆ. ಇವಕ್ಕೆ ಗ್ಲಾಸ್ ಈಲ್ ಎಂದು ಹೆಸರು. ಹೊಳೆ ಎಂದರೇನು ಅಂತ ಇವು ಹುಟ್ಟಿದಾಗಿನಿಂದ ಕಂಡೇ ಇಲ್ಲ. ಆದರೂ ಅದರ ಬಾಯಿ ಹುಡುಕಿಕೊಳ್ಳುತ್ತವೆ.

ಸಾಲ್ಮನ್ ಮೀನಿನ ಕಥೆ ಬೇರೆ. ಅದು ಹುಟ್ಟಿದ್ದೇ ಹೊಳೆಯಲ್ಲಿ. ಸಮುದ್ರಕ್ಕೆ ಇಳಿಯುವ ಮುಂಚೆ ಆ ನೀರಿನ ವಾಸನೆಯನ್ನು ನೆನಪಿಟ್ಟುಕೊಂಡು, ದೊಡ್ಡದಾದ ಮೇಲೆ ಅದೇ ಹೊಳೆಗೆ ಮರಳುತ್ತದೆ. ಅಮೆರಿಕದ ಆರ್ಥರ್ ಹ್ಯಾಸ್ಲರ್ ಮತ್ತು ವಾರೆನ್ ವಿಸ್ಬಿ 1950ರ ದಶಕದಲ್ಲಿ ಎರಡು ಕವಲಾಗಿ ಒಡೆಯುವ ಒಂದು ಹೊಳೆಯಲ್ಲಿ ಇದನ್ನು ಪರೀಕ್ಷಿಸಿದರು. ಎರಡೂ ಕವಲುಗಳಿಂದ ಮೀನು ಹಿಡಿದು, ಅರ್ಧದಷ್ಟು ಮೀನುಗಳ ಮೂಗಿಗೆ ಹತ್ತಿ ತುರುಕಿ, ಎಲ್ಲವನ್ನೂ ಕವಲಿಗಿಂತ ಕೆಳಗೆ ಬಿಟ್ಟರು. ಮೂಗು ತೆರೆದಿದ್ದವು ಹೆಚ್ಚಾಗಿ ಮೊದಲಿನ ಕವಲಿಗೇ ಹೋದವು. ಉಳಿದವು ಸಿಕ್ಕ ಕಡೆ ಹೋದವು.

ಹಾವುಮೀನಿಗೆ ಇಂಥ ನೆನಪಿಲ್ಲ. ಅದಕ್ಕೆ ತನ್ನದೇ ಹೊಳೆ ಬೇಕಿಲ್ಲ, ಯಾವುದೋ ಒಂದು ಹೊಳೆ ಸಾಕು. ನನಗೆ ಇದೇ ಜಾಸ್ತಿ ಕುತೂಹಲದ ವಿಷಯ ಅನಿಸುತ್ತದೆ.

ಇಲ್ಲೊಂದು ತೊಡಕಿದೆ. ವಾಸನೆಗೆ ದಿಕ್ಕಿಲ್ಲ. ಸಮುದ್ರ ಸೇರಿದ ಹೊಳೆನೀರು ಸುಳಿದು, ಕಲಸಿ, ಎಲ್ಲೆಡೆ ಹರಡುತ್ತದೆ. ಇಷ್ಟು ಪುಟ್ಟ ಮೀನಿಗೆ ಇಳಿತದ ಸೆಳೆತದ ಎದುರು ಈಜುವ ಕಸುವೂ ಇಲ್ಲ. ಮತ್ತೆ ಮೂಗಿನಿಂದ ಏನು ಪ್ರಯೋಜನ?

ಇದಕ್ಕೆ ಉತ್ತರ ಸಿಕ್ಕಿದ್ದು ನೆದರ್ಲೆಂಡ್ಸ್‌ನಲ್ಲಿ, 1950ರ ದಶಕದ ಕೊನೆಗೆ. ಕ್ರೊಯ್ಟ್ಸ್‌ಬರ್ಗ್ ಎಂಬ ವಿಜ್ಞಾನಿ ಗಮನಿಸಿದ್ದು ಇಷ್ಟು: ಇಳಿತದಲ್ಲಿ ನೀರು ಸಮುದ್ರದ ಕಡೆಗೆ ಹರಿಯುತ್ತದೆ, ಅದರಲ್ಲಿ ಹೊಳೆಯ ವಾಸನೆ ಗಾಢವಾಗಿರುತ್ತದೆ. ಆಗ ಮರಿಗಳು ತಳಕ್ಕೆ ಇಳಿದು ಅಲ್ಲೇ ಉಳಿಯುತ್ತವೆ. ಉಬ್ಬರದಲ್ಲಿ ಸಮುದ್ರದ ನೀರು ಒಳನುಗ್ಗುತ್ತದೆ, ವಾಸನೆ ತೆಳುವಾಗುತ್ತದೆ. ಆಗ ಮೇಲೆದ್ದು ನೀರಿನ ಜೊತೆ ಸಾಗುತ್ತವೆ. ಅಂದರೆ ಮೂಗು ಹೇಳುವುದು ಎತ್ತ ಹೋಗಬೇಕು ಅಂತ ಅಲ್ಲ, ಯಾವಾಗ ಹೋಗಬೇಕು ಅಂತ. ಬಸ್ಸು ಯಾವಾಗ ಹತ್ತಬೇಕು, ಯಾವಾಗ ಇಳಿಯಬೇಕು ಎಂದು ಗೊತ್ತಿದ್ದರೆ ಸಾಕು, ಓಡಿಸಲು ಬರಬೇಕಿಲ್ಲ, ಅಲ್ವಾ?

ಮೀನುಗಳು ಉಪ್ಪಿನಂಶ ನೋಡಿ ತೀರ್ಮಾನಿಸುತ್ತಿರಬಹುದೇ? ಅವರು ಒಳನಾಡಿನ ನೀರನ್ನು ಇದ್ದಿಲಿನಲ್ಲಿ ಸೋಸಿ ನೋಡಿದರು. ಇದ್ದಿಲು ಉಪ್ಪನ್ನು ಮುಟ್ಟುವುದಿಲ್ಲ, ವಾಸನೆಯ ವಸ್ತುಗಳನ್ನು ಹೀರಿಬಿಡುತ್ತದೆ. ಸೋಸಿದ ನೀರಿಗೆ ಮರಿಗಳು ಒಲಿಯಲಿಲ್ಲ.

ಹಾಗಾದರೆ ಆ ವಾಸನೆ ಯಾವುದರದ್ದು? ಒಂದೇ ವಸ್ತುವಿನದ್ದಂತೂ ಅಲ್ಲ. 1990ರ ದಶಕದಲ್ಲಿ ಇಟಲಿಯ ಸಂಶೋಧಕರು ಜಿಯೋಸ್ಮಿನ್ ಎಂಬುದನ್ನು ಪರೀಕ್ಷಿಸಿದರು. ಮೊದಲ ಮಳೆ ಬಿದ್ದಾಗ ಮಣ್ಣಿನಿಂದ ಏಳುವ ವಾಸನೆಗೆ ಇದೇ ಮುಖ್ಯ ಕಾರಣ. ಮಣ್ಣಿನ ಬ್ಯಾಕ್ಟೀರಿಯಾಗಳೂ ಕೆರೆಯ ನೀಲಿಹಸಿರು ಪಾಚಿಗಳೂ ಇದನ್ನು ತಯಾರಿಸುತ್ತವೆ. ತೀರಾ ಕಡಿಮೆ ಪ್ರಮಾಣದಲ್ಲಿದ್ದರೂ ಮರಿಗಳು ಅದರತ್ತ ಸೆಳೆತ ತೋರಿದವು. ಹಾವುಮೀನಿನ ಮೂಗು ಎಷ್ಟು ಚುರುಕು ಎಂದರೆ, ಕೆಲವು ವಸ್ತುಗಳ ಬೆರಳೆಣಿಕೆಯ ಅಣುಗಳು ಮೂಗಿಗೆ ತಾಗಿದರೂ ಗುರುತಿಸಬಲ್ಲದು ಎಂದು ಹಿಂದೆಯೇ ಲೆಕ್ಕ ಹಾಕಿದ್ದರು.

ಲ್ಯಾಂಪ್ರೆ ಎಂಬ ದವಡೆಯಿಲ್ಲದ ಮೀನು ಇನ್ನೂ ಚಾಲಾಕಿ. ಮೊಟ್ಟೆಯಿಡಲು ಹೊಳೆ ಹುಡುಕುವಾಗ ಅದು ಅಲ್ಲಿರುವ ಲ್ಯಾಂಪ್ರೆ ಮರಿಗಳು ಹೊರಬಿಡುವ ಪಿತ್ತದ ಆಮ್ಲಗಳ ವಾಸನೆ ಹಿಡಿಯುತ್ತದೆ. ಮರಿಗಳು ಬದುಕಿರುವ ಹೊಳೆ ಒಳ್ಳೆಯದೇ ಇರಬೇಕು ಎಂಬ ಲೆಕ್ಕ. ತನ್ನ ಮರಿಗಳೋ ಬೇರೆಯವುಗಳದೋ, ಅದು ಮುಖ್ಯವಲ್ಲ.

ಈಗ ಹಲವು ನದಿಗಳ ಬಾಯಿಗೆ ಅಣೆಕಟ್ಟು, ತೂಬು ಬಾಗಿಲುಗಳಿವೆ. ಬಾಗಿಲಿನ ಸಂದಿಯಿಂದ ಸೋರುವ ಸಿಹಿನೀರಿನ ವಾಸನೆ ಹಿಡಿದು ಮರಿಗಳು ಅಲ್ಲಿಗೆ ಬಂದು ಗುಂಪುಗೂಡುತ್ತವೆ, ಆದರೆ ದಾಟಲು ಆಗುವುದಿಲ್ಲ. ಹಾಗಾಗಿ ಕೆಲವೆಡೆ ಪಕ್ಕದಲ್ಲಿ ಬಿರುಗೂದಲಿನ ಬ್ರಷ್ ಹಾಸಿದ ಇಳಿಜಾರು ಕಟ್ಟಿ, ಮೇಲಿನಿಂದ ಹೊಳೆನೀರನ್ನು ಸಣ್ಣಗೆ ಹರಿಸುತ್ತಾರೆ. ಮರಿಗಳು ಕೂದಲಿನ ನಡುವೆ ನುಸುಳಿ ಮೇಲೇರುತ್ತವೆ.