ಅಗಸೆ ನಾರಿನಿಂದ ಲೈನ್ ಮನೆಯವರೆಗೆ

ಚಿಕ್ಕಮಗಳೂರು ಕಡೆ ಮಳೆಗಾಲದಲ್ಲಿ ಒಂದು ದಿನ ಸುಮ್ನೆ ಕಿವಿಗೊಟ್ಟು ಕೇಳಿ. ಸಿಲ್ವರ್ ಮರದ ಕೊಂಬೆ ಲೈನ್ ಮೇಲೆ ಬಿದ್ದಿದೆ, ಲೈನ್‌ಮ್ಯಾನ್‌ಗೆ ಹೇಳೋಣ ಅಂದರೆ ಫೋನ್ ಲೈನ್ ಸಿಗುತ್ತಿಲ್ಲ. ತೋಟದ ರೈಟರು ಲೈನ್ ಮನೆ ಕಡೆ ಹೋಗಿದ್ದಾರೆ. ಪೇಟೆಯಲ್ಲಿ ಟೈಲರ್ ಕೇಳುತ್ತಾರೆ, "ಬ್ಲೌಸಿಗೆ ಲೈನಿಂಗ್ ಹಾಕಬೇಕಾ ಅಕ್ಕ?" ರೇಷನ್ ಅಂಗಡಿ ಮುಂದೆ ಉದ್ದ ಲೈನ್ ಇದೆ. ಕಾಲೇಜು ಹುಡುಗನೊಬ್ಬ ಯಾರಿಗೋ ಲೈನ್ ಹೊಡೆಯುತ್ತಿದ್ದಾನೆ ಅಂತ ಗೆಳೆಯರು ನಗುತ್ತಾರೆ.

ಒಂದೇ ಪದ, ಎಷ್ಟೊಂದು ಕೆಲಸ! ಆದರೂ ಯಾರೂ ತಡವರಿಸುವುದಿಲ್ಲ. ಶಾಲೆಯಲ್ಲಿ ನಮಗೆ ಹೇಳಿಕೊಟ್ಟಿದ್ದು ಲೈನ್ ಅಂದರೆ ಗೆರೆ ಅಂತ, ಅಷ್ಟೇ. ಗೆರೆಯನ್ನೇ ಹಿಡಿದುಕೊಂಡು ಕೂತರೆ ಬ್ಲೌಸಿನ ಒಳಗಿನ ಬಟ್ಟೆಗೆ ಆ ಹೆಸರು ಯಾಕೆ ಬಂತು ಅನ್ನೋದು ಯಾವತ್ತೂ ಗೊತ್ತಾಗಲ್ಲ.

ಅದು ಬಂದಿದ್ದು ಅಗಸೆ ಗಿಡದಿಂದ. ಉತ್ತರ ಕರ್ನಾಟಕದವರು ಬೀಜ ಹುರಿದು ಚಟ್ನಿಪುಡಿ ಮಾಡುತ್ತಾರಲ್ಲ, ಅದೇ ಅಗಸೆ. ಲ್ಯಾಟಿನ್‌ನಲ್ಲಿ ಅದಕ್ಕೆ ಲೀನಮ್ ಅಂತ ಹೆಸರು, ಸಸ್ಯಶಾಸ್ತ್ರದವರು ಇವತ್ತಿಗೂ ಅದನ್ನೇ ಬಳಸುತ್ತಾರೆ. ಕಾಂಡದ ನಾರಿನಿಂದ ದಾರ ಮಾಡುತ್ತಿದ್ದರು, ಬಟ್ಟೆ ನೇಯುತ್ತಿದ್ದರು. ಈಜಿಪ್ಟಿನ ಮಮ್ಮಿಗಳಿಗೆ ಸುತ್ತಿದ್ದು ಈ ಬಟ್ಟೆಯನ್ನೇ. ಬಟ್ಟೆ ಲಿನಿನ್ ಆಯಿತು. ಕೋಟಿನ ಒಳಗೆ ಆ ಬಟ್ಟೆ ಕೊಟ್ಟು ಹೊಲಿದಿದ್ದು ಲೈನಿಂಗ್ ಆಯಿತು. ದಾರ ಲ್ಯಾಟಿನ್‌ನಲ್ಲಿ ಲೀನಿಯ ಆಯಿತು, ಅದೇ ಮುಂದೆ ಇಂಗ್ಲಿಷಿನ ಲೈನ್. ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ನೇರ ಗೆರೆ ಸಿಗುತ್ತೆ. ಗಾರೆ ಕೆಲಸದವರು ಗೋಡೆ ಕಟ್ಟುವಾಗ ಈಗಲೂ ಮಾಡುವುದು ಅದನ್ನೇ ಅಲ್ವಾ? ಕ್ರಿಕೆಟ್ ಬ್ಯಾಟಿಗೆ ಹಚ್ಚುವ ಲಿನ್‌ಸೀಡ್ ಎಣ್ಣೆ ಕೂಡ ಅಗಸೆಯದೇ. ಹಾಗಾಗಿ ನಮ್ಮ ಹಾಸನ ಜಿಲ್ಲೆಯ ಊರಿನ ಹೆಸರು ಹೊತ್ತ ಜಾವಗಲ್ ಶ್ರೀನಾಥ್ ಅವರ ಲೈನ್ ಅಂಡ್ ಲೆಂಗ್ತನ್ನು ಹೊಗಳುವಾಗ, ಬೌಲರ್‌ನ ಲೈನಿನಲ್ಲೂ ಎದುರಿಗಿದ್ದವನ ಬ್ಯಾಟಿನ ಎಣ್ಣೆಯಲ್ಲೂ ಇದ್ದ ಹೆಸರು ಒಂದೇ ಗಿಡದ್ದು.

ದಾರದಿಂದ ಗೆರೆಗೆ ಬಂದ ಮೇಲೆ ಪದಕ್ಕೆ ಕಡಿವಾಣವೇ ಇಲ್ಲ. ಸಾಲಾಗಿ ನಿಂತ ಜನ ಲೈನ್. ಪದ್ಯದ ಸಾಲು ಲೈನ್. ವಂಶವೂ ಲೈನ್. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆ 57 ಸುರಂಗ ದಾಟಿಕೊಂಡು, ಘಾಟಿಯಲ್ಲಿ ತಿರುಗಿ ತಿರುಗಿ ಇಳಿಯುವ ಹಳಿಯೂ ಲೈನ್, ಅಂದರೆ ನೇರ ಇರಬೇಕು ಅನ್ನುವ ಷರತ್ತೂ ಬಿಟ್ಟುಹೋಯಿತು. ಗಾಳದ ದಾರ ಲೈನ್. ಮೀನು ಗಾಳ, ದಾರ, ಸೀಸದ ಗುಂಡು ಎಲ್ಲವನ್ನೂ ನುಂಗಿತು ಅಂತ ಇಂಗ್ಲಿಷಿನವರು ಹೇಳಿದರೆ, ಯಾರೋ ಹೇಳಿದ ಸುಳ್ಳನ್ನು ಪೂರ್ತಿ ನಂಬಿಬಿಟ್ಟ ಅಂತ ಅರ್ಥ. ಇವುಗಳಲ್ಲಿ ಎದೆ ಝಲ್ಲೆನಿಸುವುದು ಡೆಡ್‌ಲೈನ್. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1864ರಲ್ಲಿ, ಜಾರ್ಜಿಯಾ ರಾಜ್ಯದ ಆಂಡರ್ಸನ್‌ವಿಲ್ ಸೆರೆಮನೆಯ ಗೋಡೆಯ ಒಳಗೆ ಒಂದು ಗಡಿ ಹಾಕಿದ್ದರು. ಕೈದಿ ಅದನ್ನು ದಾಟಿದರೆ ಕಾವಲುಗಾರ ಗುಂಡು ಹೊಡೆಯುತ್ತಿದ್ದ. ಅದರ ಹೆಸರೇ ಡೆಡ್‌ಲೈನ್. ಮುಂದೆ ಪತ್ರಿಕೆಯವರು ಸುದ್ದಿ ಕೊಡುವ ಕೊನೆಯ ಗಡುವಿಗೆ ಅದನ್ನು ಎತ್ತಿಕೊಂಡರು. ಈಗ ಹೋಮ್‌ವರ್ಕಿಗೂ ಡೆಡ್‌ಲೈನ್ ಇದೆ.

ನಮ್ಮ ಲೈನ್ ಮನೆ ಬಂದಿದ್ದು ಬೇರೆ ದಾರಿಯಲ್ಲಿ. ದಂಡಿನ ಜಾಗದಲ್ಲಿ ಸೈನಿಕರ ಡೇರೆ, ಗುಡಿಸಲು ಸಾಲಾಗಿರುತ್ತಿದ್ದವು, ಅದನ್ನು ಬ್ರಿಟಿಷರು ಲೈನ್ಸ್ ಅನ್ನುತ್ತಿದ್ದರು. ಕಾಫಿ ತೋಟಗಳಲ್ಲಿ ಕೂಲಿಯವರಿಗೆ ಅದೇ ಥರ ಸಾಲು ಮನೆ ಕಟ್ಟಿದಾಗ ಹೆಸರೂ ಜೊತೆಗೆ ಬಂತು. ಈಗ ತೋಟದಲ್ಲಿ ಲೈನ್ ಅಂದರೆ ಯಾರಿಗೂ ಗೆರೆ ನೆನಪಾಗುವುದಿಲ್ಲ. ಒಲೆ, ಹೊಗೆ, ಅಂಗಳದಲ್ಲಿ ಆಡುವ ಮಕ್ಕಳು, ಭಾನುವಾರದ ಸಂತೆಗೆ ಹೊರಟವರು, ಇದೆಲ್ಲ ನೆನಪಾಗುತ್ತೆ. ಇಂಗ್ಲಿಷ್ ಪದ ಅಂತ ನಾವು ಅಂದುಕೊಂಡರೂ ಈ ಅರ್ಥಕ್ಕೆ ಜೀವ ಕೊಟ್ಟಿದ್ದು ತೋಟದ ಜನ.

ಹೀಗೆ ಒಂದೇ ಬೇರಿನಿಂದ ಹಲವು ಅರ್ಥ ಚಿಗುರುವುದಕ್ಕೆ ಭಾಷಾವಿಜ್ಞಾನದಲ್ಲಿ ಪಾಲಿಸೆಮಿ ಅನ್ನುತ್ತಾರೆ. ಇಂಗ್ಲಿಷಿಗಷ್ಟೇ ಇರುವ ಗುಣ ಅಲ್ಲ ಇದು. ಸಂಸ್ಕೃತದ ಸೂತ್ರ ಅಂದರೂ ದಾರವೇ. ಮಂಗಳಸೂತ್ರ, ಗಣಿತದ ಸೂತ್ರ, ಸೂತ್ರಧಾರ ಎಲ್ಲ ಅಲ್ಲಿಂದಲೇ. ಕನ್ನಡದ ಎಳೆ ನೋಡಿ, ನೂಲಿನಿಂದ ಕಥೆಗೆ ಹೋಗಿದೆ. ಆದರೆ "ಬಸ್ ಹತ್ತು", "ಹತ್ತು ರೂಪಾಯಿ", ಇವು ಹಾಗಲ್ಲ. ಏರುವ ಹತ್ತಿಗೂ ಎಣಿಸುವ ಹತ್ತಿಗೂ ನಂಟಿಲ್ಲ, ಸುಮ್ನೆ ಒಂದೇ ಥರ ಕೇಳಿಸುತ್ತವೆ. ಅದಕ್ಕೆ ಹೋಮೊನಿಮಿ ಅಂತ ಹೆಸರು.

ತಲೆಯೊಳಗೆ ಏನಾಗುತ್ತೆ? 1979ರಲ್ಲಿ ಡೇವಿಡ್ ಸ್ವಿನ್ನಿ ಅನ್ನುವ ಮನೋವಿಜ್ಞಾನಿ ಒಂದು ಸೊಗಸಾದ ಪ್ರಯೋಗ ಪ್ರಕಟಿಸಿದರು. ಜನರಿಗೆ ವಾಕ್ಯಗಳನ್ನು ಕೇಳಿಸುತ್ತಿದ್ದರು. ಒಂದು ವಾಕ್ಯದಲ್ಲಿ ಬಗ್ ಅನ್ನುವ ಪದ; ಅದಕ್ಕೆ ಹುಳ ಅಂತಲೂ ಅರ್ಥ, ಕದ್ದು ಕೇಳುವ ಯಂತ್ರ ಅಂತಲೂ ಅರ್ಥ. ಜೇಡ, ಜಿರಳೆ ಅಂತ ಮೊದಲೇ ಹೇಳಿರುತ್ತಿದ್ದರು, ಅಂದರೆ ಹುಳ ಅನ್ನೋದರಲ್ಲಿ ಅನುಮಾನವೇ ಇಲ್ಲ. ಆ ಪದ ಕಿವಿಗೆ ಬಿದ್ದ ಕೂಡಲೇ ಪರದೆ ಮೇಲೆ ಕೆಲವು ಅಕ್ಷರ ಮೂಡುತ್ತವೆ, ಅದು ನಿಜವಾದ ಪದ ಹೌದೋ ಅಲ್ಲವೋ ಅಂತ ಬೇಗ ಹೇಳಬೇಕು. ಇರುವೆ ಅಂತ ಬಂದಾಗ ಬೇಗ ಹೇಳಿದರು, ಸರಿ. ಗೂಢಚಾರ ಅಂತ ಬಂದಾಗಲೂ ಅಷ್ಟೇ ಸಲೀಸಾಗಿ ಹೇಳಿದರು! ಅಂದರೆ ಬೇಡದ ಅರ್ಥವೂ ಆ ಕ್ಷಣಕ್ಕೆ ಎಚ್ಚರವಾಗಿತ್ತು. ಅದೇ ಮೂರು ಉಚ್ಚಾರಾಂಶ ಕಳೆದ ಮೇಲೆ ಪರೀಕ್ಷಿಸಿದರೆ ಗೂಢಚಾರನಿಗೆ ಆ ಲಾಭ ಇಲ್ಲ, ಇರುವೆಗೆ ಮಾತ್ರ. ಅರ್ಥಗಳೆಲ್ಲ ಒಟ್ಟಿಗೆ ಏಳುತ್ತವೆ, ಸಂದರ್ಭಕ್ಕೆ ಬೇಡದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಅಡಗುತ್ತೆ. ನಮಗೆ ಗೊತ್ತೇ ಆಗುವುದಿಲ್ಲ.

2002ರಲ್ಲಿ ಜೆನ್ನಿ ರಾಡ್ ಮತ್ತು ಸಂಗಡಿಗರು ಇನ್ನೊಂದು ವಿಷಯ ತೋರಿಸಿದರು. ನಂಟಿಲ್ಲದ ಅರ್ಥಗಳಿರುವ ಪದವನ್ನು ಗುರುತಿಸಲು ಜನರಿಗೆ ಸ್ವಲ್ಪ ತಡವಾಗುತ್ತೆ. ನಂಟಿರುವ ಅರ್ಥಗಳು ಹಲವಿದ್ದರೆ ಉಲ್ಟಾ, ಇನ್ನೂ ಬೇಗ ಗುರುತಿಸುತ್ತಾರೆ. ಹೀಗಿರುವಾಗ ಮಕ್ಕಳಿಗೆ ಒಂದು ಪದಕ್ಕೆ ಒಂದೇ ಅರ್ಥ ಬಾಯಿಪಾಠ ಮಾಡಿಸುವುದು ನನಗೆ ಬೇಸರ ತರುತ್ತೆ. ಅರ್ಥಗಳ ನಡುವಿನ ಎಳೆ ತೋರಿಸಿದರೆ ಎಷ್ಟು ಹಗುರವಾಗುತ್ತಿತ್ತು!

ಹೆಚ್ಚು ಅರ್ಥ ಸೇರಿಕೊಳ್ಳುವುದು ಜಾಸ್ತಿ ಬಳಸುವ ಪದಗಳಿಗೇ. ಇದನ್ನು 1945ರಲ್ಲಿ ಜಾರ್ಜ್ ಜಿಫ್ ಲೆಕ್ಕ ಹಾಕಿ ತೋರಿಸಿದರು: ಬಳಕೆ ನಾಲ್ಕು ಪಟ್ಟಾದರೆ ಅರ್ಥಗಳು ಸುಮಾರು ಎರಡು ಪಟ್ಟಾಗುತ್ತವೆ. ಆಕ್ಸ್‌ಫರ್ಡ್ ನಿಘಂಟಿಗಾಗಿ ಪೀಟರ್ ಗಿಲಿವರ್ ರನ್ ಅನ್ನುವ ಪುಟ್ಟ ಕ್ರಿಯಾಪದದ ಮೇಲೆ ಒಂಬತ್ತು ತಿಂಗಳು ಕೂತು 645 ಅರ್ಥ ಗುರುತಿಸಿದ್ದು 2011ರಲ್ಲಿ ಸುದ್ದಿಯಾಗಿತ್ತು. ಇದು ಭಾಷೆಯ ದೋಷ ಅಂತ ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. 2012ರಲ್ಲಿ ಸ್ಟೀವನ್ ಪಿಯಾಂಟಡೋಸಿ, ಹ್ಯಾರಿ ಟಿಲಿ, ಎಡ್ವರ್ಡ್ ಗಿಬ್ಸನ್ ಮೂವರೂ ವಾದಿಸಿದ್ದು ಹೀಗೆ: ಸಂದರ್ಭವೇ ಅರ್ಥ ತಿಳಿಸುತ್ತೆ ಅಂದಮೇಲೆ, ಹೇಳಲು ಸುಲಭವಾದ ಚಿಕ್ಕ ಪದವನ್ನೇ ಮತ್ತೆ ಮತ್ತೆ ಬಳಸುವುದು ಜಾಣತನ. ಪ್ರತಿ ಅರ್ಥಕ್ಕೂ ಹೊಸ ಪದ ಬೇಕು ಅಂದರೆ ಅಷ್ಟು ಪದ ನೆನಪಿಟ್ಟುಕೊಳ್ಳುವವರು ಯಾರು?

ಲೈನ್ ಇನ್ನೂ ಬೆಳೆಯುತ್ತಲೇ ಇದೆ. ಮೊಬೈಲಿಗೆ ತಂತಿಯೇ ಇಲ್ಲ, ಆದರೂ "ಲೈನ್ ಬಿಜಿ" ಅನ್ನುತ್ತೇವೆ. "ಮೊದಲು ಲೈನಲ್ಲಿ ನಿಂತು ಕರೆಂಟ್ ಬಿಲ್ ಕಟ್ಟಿದ್ವಿ, ಈಗ ಆನ್‌ಲೈನ್ ಕಟ್ಟಿದರೂ ಗಾಳಿ ಬೀಸಿದರೆ ಸಾಕು, ಲೈನ್ ಹೋಗುತ್ತೆ" ಅಂತ ಮೂಡಿಗೆರೆಯ ಅಜ್ಜಿಯೊಬ್ಬರು ಹೇಳಿದರೆ ಒಂದೇ ಮಾತಿನಲ್ಲಿ ಮೂರು ಅರ್ಥ ಬಂದುಹೋಗಿರುತ್ತೆ, ಪಕ್ಕದಲ್ಲಿ ಕೂತ ಮೊಮ್ಮಗು ಮೂರನ್ನೂ ಸರಿಯಾಗಿ ತಿಳಿದುಕೊಂಡಿರುತ್ತೆ.