ಎಲ್ಲವನ್ನೂ ‘ಭೇದಿ’ ಎನ್ನಬೇಡಿ

ಉಡುಪಿಯ ಒಂದು ಕ್ಯಾನ್ಸರ್ ಮಾಹಿತಿ ಶಿಬಿರದಲ್ಲಿ ಹಂಚಿದ ಕರಪತ್ರ ಕೈಗೆ ಬಂತು. ‘ರೇಡಿಯೇಶನ್ ನಂತರ ಭೇದಿ ಆಗಬಹುದು.’ ಕರುಳಿನ ತೊಂದರೆಗೆ ಅಷ್ಟೇ, ಒಂದೇ ಸಾಲು. ಇದನ್ನು ಎಷ್ಟನೆಯ ಸಲ ಓದುತ್ತಿದ್ದೇನೋ. ಆ ಜಾಗಕ್ಕೆ ಸಲ್ಲುವ ಪದ ಅದಲ್ಲ.

‘ಭೇದಿ’ಯ ಬೇರು ಸಂಸ್ಕೃತದ ‘ಭಿದ್’, ಅಂದರೆ ಒಡೆ, ಸೀಳು. ಭೇದ, ಭೇದಿಸು ಎಲ್ಲ ಅಲ್ಲಿಂದಲೇ ಬಂದವು. ಆಯುರ್ವೇದದಲ್ಲಿ ‘ಭೇದನ’ ಎಂದರೆ ಗಟ್ಟಿಯಾದ ಮಲವನ್ನು ಒಡೆದು ಕೆಳಗಿಳಿಸುವ ಔಷಧದ ಗುಣ. ಹಿಂದೆ ಮಕ್ಕಳಿಗೆ ಹರಳೆಣ್ಣೆ ಕುಡಿಸಿ ‘ಭೇದಿಗೆ ಕೊಟ್ಟಿದ್ದೇವೆ’ ಎನ್ನುತ್ತಿದ್ದರಲ್ಲ, ಅದೇ ಅರ್ಥ. ಔಷಧವಿಲ್ಲದೆ ತಾನಾಗಿ ಆಗುವುದಕ್ಕೂ ಇಂದು ಅದೇ ಹೆಸರು. ಗ್ರಂಥದ ಪದ ‘ಅತಿಸಾರ’: ‘ಸೃ’ ಎಂದರೆ ಹರಿ, ಮೇರೆ ಮೀರಿ ಹರಿಯುವುದು ಅತಿಸಾರ. ಎರಡೂ ಹೇಳುವುದು ಮಲ ಹೇಗಿದೆ, ಎಷ್ಟು ಹೋಗುತ್ತಿದೆ ಎಂದು ಮಾತ್ರ. ಬಂದದ್ದನ್ನು ತಡೆದುಕೊಳ್ಳಲು ಆಗುತ್ತದೆಯೇ ಎಂಬ ಪ್ರಶ್ನೆ ಎರಡರಲ್ಲೂ ಇಲ್ಲ.

ನನ್ನ ದೊಡ್ಡಮ್ಮನಿಗೆ ಗರ್ಭಕಂಠದ ಕ್ಯಾನ್ಸರಿಗೆ ರೇಡಿಯೇಶನ್ ಆಗಿತ್ತು. ತೊಂದರೆ ಶುರುವಾದದ್ದು ಚಿಕಿತ್ಸೆ ಮುಗಿದು ವರ್ಷವಾದ ಮೇಲೆ. ಮಲ ಗಟ್ಟಿಯಾಗಿಯೇ ಇತ್ತು, ಆದರೆ ಅವಸರವಾದರೆ ಎರಡು ನಿಮಿಷ ತಾಳುವ ಹಾಗಿರಲಿಲ್ಲ. ಮಂಗಳೂರಿಗೆ ಹೊರಟ ಎಕ್ಸ್‌ಪ್ರೆಸ್ ಬಸ್ಸಿನಿಂದ ಕಾಪುವಿನಲ್ಲೇ ಇಳಿದರು, ಇಳಿಯುವಷ್ಟರಲ್ಲಿ ತಡವಾಗಿತ್ತು. ಆಮೇಲೆ ಮದುವೆ, ಯಕ್ಷಗಾನದ ಆಟ, ಭೂತದ ಕೋಲ ಎಲ್ಲ ಬಿಟ್ಟರು. ‘ಭೇದಿಯಂತೆ’ ಎಂದು ಕೇಳಿದವರೆಲ್ಲ ಪ್ರೀತಿಯಿಂದಲೇ ದಾಳಿಂಬೆ ಸಿಪ್ಪೆಯ ತಂಬುಳಿ ಹೇಳಿಕೊಟ್ಟರು. ತಪಾಸಣೆಗೆ ಹೋದಾಗ ‘ಭೇದಿ ಇದೆಯಾ?’ ಎಂದು ಕೇಳಿದರೆ ‘ಇಲ್ಲ’ ಎಂದರು. ಸುಳ್ಳೇನೂ ಅಲ್ಲವಲ್ಲ! ಮೂರು ಸಲದ ತಪಾಸಣೆ ಹಾಗೆಯೇ ಕಳೆಯಿತು.

ಗುದನಾಳ ಹಿಗ್ಗಬಲ್ಲ ಚೀಲ. ರೇಡಿಯೇಶನ್ನಿನಿಂದ ಅದು ಹಿಗ್ಗದಷ್ಟು ಗಡುಸಾದರೆ ಸ್ವಲ್ಪ ತುಂಬಿದರೂ ಅವಸರ. ಆಪರೇಶನ್ನಿನಲ್ಲಿ ಅದರ ಭಾಗವನ್ನೇ ತೆಗೆದವರಿಗೆ ಗಂಟೆಯೊಳಗೆ ನಾಲ್ಕೈದು ಸಲ ಓಡಬೇಕಾಗಬಹುದು, ಬರುವುದು ಗಾಳಿಯೋ ಮಲವೋ ಎಂದೂ ಗೊತ್ತಾಗದಿರಬಹುದು. ನಿಜವಾದ ಭೇದಿಯೂ ಇದೆ: ಸಣ್ಣ ಕರುಳಿನ ಕೊನೆಗೆ ಪೆಟ್ಟಾದರೆ ಅಲ್ಲಿ ಹೀರಿಕೊಳ್ಳಬೇಕಾದ ಪಿತ್ತದ ಆಮ್ಲಗಳು ದೊಡ್ಡ ಕರುಳಿಗಿಳಿದು ಮಲ ನೀರಾಗಿ ಹೋಗುತ್ತದೆ. ಅದಕ್ಕೆ ಮದ್ದು ಬೇರೆ. ಹೆಸರು ಬೇರೆ ಬೇರೆ ಇರಬೇಕೆನ್ನುವುದು ಅದಕ್ಕೇ. (ರಕ್ತ ಕಂಡರೆ ‘ಮೂಲವ್ಯಾಧಿ’ ಎಂದು ನೀವೇ ತೀರ್ಮಾನಿಸಬೇಡಿ, ತೋರಿಸಿ.)

ತಡೆದುಕೊಳ್ಳಲಾಗದ ಈ ತೊಂದರೆಗೆ ಇನ್ನು ಕೆಲವರು ‘ಮಲ ಅಸಂಯಮ’ ಎಂದು ಬರೆಯುತ್ತಾರೆ. ಇದು ಭೇದಿಗಿಂತ ಕೆಟ್ಟದ್ದು. ಸಂಯಮ ಒಂದು ಗುಣ. ಕೋಪದಲ್ಲಿ, ಮಾತಿನಲ್ಲಿ ಇಟ್ಟುಕೊಳ್ಳುವಂಥದ್ದು. ಅಸಂಯಮಿ ಎಂದರೆ ತನ್ನನ್ನು ತಾನು ಹತೋಟಿಯಲ್ಲಿ ಇಟ್ಟುಕೊಳ್ಳದವನು. ಕ್ಯಾನ್ಸರ್ ದಾಟಿ ಬಂದವರ ಮೇಲೆ ಆ ಆರೋಪ ಯಾಕೆ? ಚರಕಸಂಹಿತೆ ಮಲ, ಮೂತ್ರ, ಸೀನು, ಆಕಳಿಕೆ ಸೇರಿ 13 ‘ವೇಗ’ಗಳನ್ನು ತಡೆಯಬಾರದು ಎನ್ನುತ್ತದೆ. ಅಲ್ಲಿ ವೇಗ ಎಂದರೆ ದೇಹದ ಒತ್ತಡ, ಅದರಲ್ಲಿ ನೀತಿಯ ಸೋಂಕಿಲ್ಲ. ನಮ್ಮಲ್ಲಿ ‘ಎರಡಕ್ಕೆ ಅವಸರ’, ‘ತಡೆ ಇಲ್ಲ’ ಎನ್ನುವುದೂ ಅಷ್ಟೇ ನೇರ. ಕರಪತ್ರಕ್ಕೆ ಈ ಎರಡು ಮಾತು ಸಾಕಿತ್ತು.

ನಾಲ್ಕನೆಯ ಸಲ ನಾನೂ ಜೊತೆಗೆ ಹೋಗಿದ್ದೆ. ದೊಡ್ಡಮ್ಮ ತಲೆ ತಗ್ಗಿಸಿಯೇ ಹೇಳಿದರು: ‘ತಡೀಲಿಕ್ಕೆ ಆಗುವುದಿಲ್ಲ ಡಾಕ್ಟ್ರೇ.’ ಅಂದೇ ಮಾತ್ರೆ ಬರೆದುಕೊಟ್ಟು, ಗುದದ ಸ್ನಾಯು ಬಿಗಿಹಿಡಿದು ಬಿಡುವ ವ್ಯಾಯಾಮ ಕಲಿಯಲು ಫಿಸಿಯೋಥೆರಪಿಗೆ ಕಳುಹಿಸಿದರು.